ದೇವರಿಗೂ ಡ್ರಮ್ಮಿಗೂ ನಡುವಿನ ಕೈಸು

ನಮ್ಮೂರು ಹಾಪಕೋಸ್ಕಿಯಲ್ಲಿ ಹಾಲಿನ ಟ್ಯಾಂಕರ್ ಓಡಿಸುವವಳು ಕೈಸು ನಿಸ್ಕಲಾ. ಹೊಳೆಯ ಎರಡೂ ದಂಡೆಯ ಕೊಟ್ಟಿಗೆಗಳಿಗೆ ದಿನ ಬಿಟ್ಟು ದಿನ ಹೋಗಿ, ಕೊಳವೆ ಸಿಕ್ಕಿಸಿ, ಹಾಲು ಎಳೆದುಕೊಂಡು ಪೇಟೆಯ ಡೈರಿಗೆ ಒಯ್ಯುತ್ತಾಳೆ. ಟ್ಯಾಂಕರಿಗಿಂತ ಮೊದಲು ಅದರೊಳಗಿನ ಹಾಡು ಊರು ತಲುಪುತ್ತದೆ. ಗಿಟಾರುಗಳು ಗುಡುಗುವ, ಹಾಡುವವನು ಗಂಟಲು ಹರಿದುಕೊಳ್ಳುವ ಹೆವಿ ಮೆಟಲ್. "ಕೈಸು ಬಂದ್ಲು ನೋಡು, ಹಸುಗಳು ಕಿವಿ ನಿಮಿರಿಸಿದ್ವು" ಎಂದು ಜನ ನಗುತ್ತಾರೆ.

ನಾನು ಆಹ್ತಿ. ಇದೇ ಊರಿನ ಮರದ ಚರ್ಚಿನಲ್ಲಿ ಗಂಟೆ ಹೊಡೆಯುವುದು, ಮೇಣದ ಬತ್ತಿ ಹಚ್ಚುವುದು, ಆ ದಿನದ ಹಾಡುಗಳ ಸಂಖ್ಯೆಗಳನ್ನು ಹಲಗೆಗೆ ಸಿಕ್ಕಿಸುವುದು, ಸಮಾಧಿಗಳ ನಡುವಿನ ದಾರಿಯ ಹಿಮ ಗೋರುವುದು ನನ್ನ ಕೆಲಸ. ಶಾಲೆಯಲ್ಲಿ ಕೈಸು ನನ್ನ ಮುಂದಿನ ಬೆಂಚಿನವಳು. ಅವಳ ಬದುಕನ್ನು ಬರೆಯಲು ನನಗೆ ಯೋಗ್ಯತೆ ಇದೆಯೋ ಇಲ್ಲವೋ, ಕಾರಣವಂತೂ ಇದೆ. ಅವಳಿಗೆ ಸಲ್ಲಬೇಕಾಗಿದ್ದ ಒಂದು ಸಂಗತಿಯನ್ನು ನಾನು ಎರಡೂವರೆ ವರ್ಷ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ.

ಕೈಸುವಿನ ಮನೆಯವರು 'ನಂಬಿಕೆಯವರು'. ನಾವು ಉಳಿದವರು ಅವರನ್ನು ಹಾಗೇ ಕರೆಯುತ್ತೇವೆ. ಅವರೂ ನಮ್ಮ ಚರ್ಚಿಗೇ ಸೇರಿದವರು, ಆದರೆ ಅವರ ಜೀವ ಇರುವುದು ಹೊಳೆಯಾಚೆಯ ಪ್ರಾರ್ಥನಾ ಮನೆಯಲ್ಲಿ. ಮನೆತುಂಬ ಮಕ್ಕಳು, ಟೀವಿ ಇಲ್ಲ, ಕುಡಿತವಿಲ್ಲ, ತಾಳ ಹಾಕಿ ಕುಣಿಸುವ ಸಂಗೀತವಂತೂ ಇಲ್ಲವೇ ಇಲ್ಲ. ಭಾನುವಾರ ಹಾರ್ಮೋನಿಯಂ ಜೊತೆ ನಿಧಾನದ ಹಾಡು, ಉದ್ದದ ಉಪದೇಶ, ಆಮೇಲೆ ಕಾಫಿ, ಏಲಕ್ಕಿ ಬನ್ನು. ತಮ್ಮತಮ್ಮಲ್ಲಿ ಎದುರಾದರೆ ಕೈಹಿಡಿದು "ದೇವರ ನಮಸ್ಕಾರ" ಎನ್ನುತ್ತಾರೆ. ನಮ್ಮಂಥವರಿಗೆ ಬರೀ "ನಮಸ್ಕಾರ". ಅದರಲ್ಲಿ ಅವಮಾನವೇನೂ ಇಲ್ಲ. ನಾವು ಹುಟ್ಟಿದಾಗಿನಿಂದ ಹಾಗೇ ಕೇಳಿ ಬೆಳೆದವರು.

ಹದಿಮೂರು ಮಕ್ಕಳಲ್ಲಿ ಕೈಸು ಐದನೆಯವಳು. ಅಪ್ಪ ಏಲಿಸ್ ಪ್ರಾರ್ಥನಾ ಮನೆಯಲ್ಲಿ ಉಪದೇಶ ಮಾಡುತ್ತಿದ್ದವನು, ಹಾಡು ಎತ್ತಿಕೊಡುತ್ತಿದ್ದವನೂ ಅವನೇ. ಅಮ್ಮ ಹಿಲ್ಯಾ ಮಾತು ಕಡಿಮೆಯ ಹೆಂಗಸು. ಹಾಡುವಾಗ ಅಮ್ಮನ ದನಿಗೆ ಕೆಳಗಿನ ದನಿ ಸೇರಿಸುವುದು ಮಗಳ ಪಾಲು. ತಾಯಿಮಗಳು ಒಂದೇ ಪುಸ್ತಕ ಹಿಡಿದು ನಿಂತರೆ ಎಲ್ಲಿ ಒಬ್ಬಳು ಮುಗಿಸಿ ಇನ್ನೊಬ್ಬಳು ಶುರುಮಾಡಿದಳೆಂದು ತಿಳಿಯುತ್ತಿರಲಿಲ್ಲವೆಂದು ಅವಳ ತಮ್ಮ ತೌನೊ ನನಗೆ ಹೇಳಿದ್ದಾನೆ.

ಹದಿನಾರನೆಯ ವರ್ಷದ ಬೇಸಿಗೆಯಲ್ಲಿ ಅವಳು ಉರುವಲಿಗೆಂದು ಜೌಗು ಮಣ್ಣು ಅಗೆಯುವ ಬಯಲಿಗೆ ಕೂಲಿಗೆ ಹೋದಳು. ನಾನೂ ಹೋಗಿದ್ದೆ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಇಲ್ಪೊ ಎಂಬವನ ಹತ್ತಿರ ಕ್ಯಾಸೆಟ್ ಪ್ಲೇಯರ್ ಇತ್ತು. ಒಂದು ಮಧ್ಯಾಹ್ನ ಮಳೆ ಬಂದು ಮೂವರೂ ಟ್ರ್ಯಾಕ್ಟರಿನೊಳಗೆ ಒತ್ತಿಕೊಂಡು ಕೂತೆವು. ಇಲ್ಪೊ ಅವಳನ್ನು ರೇಗಿಸಲೆಂದೇ ಕ್ಯಾಸೆಟ್ ಹಾಕಿದ. "ಕಿವಿ ಮುಚ್ಕೊ ಮಾರಾಯ್ತಿ, ನರಕದಿಂದ ಫೋನ್ ಬಂದಿದೆ" ಎಂದ.

ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಹಾಡು ಮುಗಿಯುವವರೆಗೂ ಕಿಟಕಿಯ ಮೇಲಿನ ನೀರನ್ನೇ ನೋಡುತ್ತಿದ್ದಳು.

"ಇದು ನಮ್ಮ ಹಾಡೇ ಕಣೋ," ಎಂದಳು ಕೊನೆಗೆ.

"ನಿಮ್ಮದಾ? ನಿಮ್ಮಪ್ಪ ಕೇಳಿಸ್ಕೊಂಡ್ರೆ ಟ್ರ್ಯಾಕ್ಟರಿಗೇ ಪಾಪವಿಮೋಚನೆ ಮಾಡಿಸ್ತಾನೆ!"

"ತಮಾಷೆ ಅಲ್ಲ. ಅದೇ ದುಃಖ, ಅದೇ ಇಳಿಯೋ ರಾಗ. ನಾವು ಬಾಯಿ ಮುಚ್ಕೊಂಡು ಅಳ್ತೀವಿ, ಇವರು ಬಾಯಿ ಬಿಟ್ಕೊಂಡು ಅಳ್ತಾರೆ, ಅಷ್ಟೇ. ಇನ್ನೊಂದ್ಸಲ ಹಾಕು."

ಆ ಚಳಿಗಾಲ ಅವಳು ಕೊಟ್ಟಿಗೆಯ ಹಿಂದೆ ಹಳೆಯ ಹಾಲಿನ ಕ್ಯಾನುಗಳನ್ನು ಸಾಲಾಗಿ ಬೋರಲು ಹಾಕಿ, ಭೂರ್ಜ ಮರದ ಕಡ್ಡಿಗಳಿಂದ ಬಾರಿಸುವುದನ್ನು ಕಲಿತಳು. ಬಾರಿಸುತ್ತಿದ್ದುದು ಪ್ರಾರ್ಥನಾ ಮನೆಯ ಹಾಡುಗಳಿಗೇ. ಹಾಡು ಬಾಯಲ್ಲಿ, ಗುಡುಗು ಕೈಯಲ್ಲಿ. ಒಂದು ದಿನ ಏಲಿಸ್ ಬಾಗಿಲಲ್ಲಿ ನಿಂತು ಕೇಳಿದ. ಹೊಡೆಯಲಿಲ್ಲ, ಬೈಯಲಿಲ್ಲ, ಆ ಮನೆಯಲ್ಲಿ ಅದು ಪದ್ಧತಿಯಲ್ಲ. ಮರುವಾರ ಪ್ರಾರ್ಥನಾ ಮನೆಯ ಇಬ್ಬರು ಹಿರಿಯರು ಮನೆಗೆ ಬಂದರು. ಹಿಲ್ಯಾ ಕಾಫಿ ಕೊಟ್ಟಳು. ಅಂದು ನಡೆದ ಮಾತನ್ನು ಕೈಸು ನನಗೆ ಎಷ್ಟೋ ಸಲ ಹೇಳಿದ್ದಾಳೆ, ಒಂದಕ್ಷರ ಬದಲಾಗದ ಹಾಗೆ.

"ಕೈಸು, ನಿನಗೆ ನಂಬೋಕೆ ಇಷ್ಟ ಇದೆಯಾ?" ಎಂದು ಅಪ್ಪ ಕೇಳಿದ.

"ನಂಬ್ತಾನೇ ಇದೀನಲ್ಲಪ್ಪ."

"ಹಾಗಾದ್ರೆ ಅದನ್ನ ಬಿಡು. ಹಾಡು ದೇವರ ಮಾತಿಗೆ ಆಳಾಗಿರಬೇಕು. ನೀನು ಬಾರಿಸೋದ್ರಲ್ಲಿ ಮಾತು ಹಾಡಿಗೆ ಆಳಾಗುತ್ತೆ. ಮೈ ಎದ್ದು ಕುಣಿಯುತ್ತೆ, ಆತ್ಮ ಮೂಲೇಲಿ ಕೂತ್ಕೊಳ್ಳುತ್ತೆ."

"ಶಿಲುಬೆ ಮೇಲಿದ್ದವನು ಜೋರಾಗಿ ಕೂಗಿದ ಅಂತ ನೀನೇ ಅಲ್ವಾ ಓದಿ ಹೇಳೋದು? ಆ ಕೂಗಿಗೆ ಹಾರ್ಮೋನಿಯಂ ಸಾಕಾ ಅಪ್ಪ?"

ಹಿರಿಯರಲ್ಲಿ ಒಬ್ಬ ಕಾಫಿ ಬಟ್ಟಲು ಕೆಳಗಿಟ್ಟ. ಏಲಿಸ್ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಅವನು ನಮ್ಮ ಬದಲಿಗೆ ಕೂಗಿದ," ಎಂದ. "ನಾವು ಕೂಗಬೇಕಾಗಿಲ್ಲ ಅಂತ."

ಒಳ್ಳೆಯ ಉತ್ತರವೇ ಅದು. ಕೈಸುವೂ ಹಾಗೇ ಹೇಳುತ್ತಾಳೆ. "ಅಪ್ಪ ಸೋಲಲಿಲ್ಲ ಆಹ್ತಿ, ನಾನೂ ಗೆಲ್ಲಲಿಲ್ಲ. ಆದರೆ ನಂಗೆ ಕೂಗ್ಬೇಕಾಗಿತ್ತು."

ಹದಿನೆಂಟಕ್ಕೆ ಅವಳು ಔಲು ಪೇಟೆಗೆ ಹೋದಳು. ಬೇಕರಿಯೊಂದರಲ್ಲಿ ಕೆಲಸ, ಸಂಜೆಗೆ ಒಂದು ಮೆಟಲ್ ತಂಡದಲ್ಲಿ ಡ್ರಮ್ಮು. ಮೂರು ಹುಡುಗರ ನಡುವೆ ಇವಳೊಬ್ಬಳೇ ಹುಡುಗಿ. ವೇದಿಕೆ ಹತ್ತುವ ಮೊದಲು ಮೂಲೆಗೆ ಹೋಗಿ ಕಣ್ಣುಮುಚ್ಚಿ ಕೈಜೋಡಿಸುತ್ತಿದ್ದಳು. ಹುಡುಗರು ಮೊದಮೊದಲು ನಕ್ಕು ಸುಮ್ಮನಿದ್ದರು. ಏಳು ವರ್ಷ ಹಾಗೇ ಸಾಗಿತು. ಅಷ್ಟರಲ್ಲಿ ಆ ಸಂಗೀತವೂ ದೆವ್ವದ ವೇಷ ತೊಟ್ಟು ಕಪ್ಪಾಗುತ್ತ ಬಂದಿತ್ತು. ಒಂದು ದಿನ ಫೋಟೊ ತೆಗೆಯುವವನು ಬರುತ್ತಾನೆಂದು ಹಾಡುಗಾರ ರೈಮೊ ಅವಳ ದೊಡ್ಡ ಡ್ರಮ್ಮಿನ ಮೇಲೆ ತಲೆಕೆಳಗಾದ ಶಿಲುಬೆ ಬರೆದಿದ್ದ. ಅವಳು ಬಂದವಳೇ ಚಿಂದಿಬಟ್ಟೆಗೆ ಥಿನ್ನರ್ ಹಾಕಿ ಒರೆಸತೊಡಗಿದಳು.

"ಏಯ್, ಏನ್ಮಾಡ್ತಿದೀಯ? ಅದು ಬರೀ ಚಿತ್ರ ಕಣೆ!"

"ಬರೀ ಚಿತ್ರ ಆದ್ರೆ ಅಳಿಸಿದ್ರೆ ನಿಂಗೇನು ನಷ್ಟ?"

"ಹೋಗು ಹಾಗಾದ್ರೆ, ನಿಮ್ಮಮ್ಮನ ಪ್ರಾರ್ಥನೇಲಿ ಬಾರಿಸು ಹೋಗು."

"ಅಲ್ಲಿ ಬಾರಿಸೋಕೆ ಬಿಟ್ಟಿದ್ರೆ ನಿನ್ನಂಥ ಪೆದ್ದನ ಜೊತೆ ಯಾಕಿರ್ತಿದ್ದೆ ನಾನು?"

ಅಲ್ಲಿಗೆ ಅದೂ ಮುಗಿಯಿತು. ದೇವರ ಜನಕ್ಕೆ ಅವಳು ದೆವ್ವದವಳು, ದೆವ್ವದ ವೇಷದವರಿಗೆ ದೇವರವಳು. ಡ್ರಮ್ಮು ಮಾರಿ, ದೊಡ್ಡ ಗಾಡಿಯ ಲೈಸನ್ಸ್ ಮಾಡಿಸಿಕೊಂಡು ಅವಳು ಊರಿಗೆ ಮರಳಿದಳು. ಡೈರಿಯವರು ಟ್ಯಾಂಕರ್ ಕೊಟ್ಟರು. ಅವಳ ದಾರಿಯಲ್ಲಿ ಹದಿನಾಲ್ಕು ಕೊಟ್ಟಿಗೆ. ಒಂಬತ್ತನೆಯದು ಅವಳದೇ ತವರು. ಆಗ ಅದನ್ನು ನೋಡಿಕೊಳ್ಳುತ್ತಿದ್ದವನು ತೌನೊ.

ಹತ್ತೊಂಬತ್ತು ವರ್ಷ, ದಿನ ಬಿಟ್ಟು ದಿನ, ಅವಳು ತಾನು ಹುಟ್ಟಿದ ಮನೆಯ ಅಂಗಳದಲ್ಲಿ ಟ್ಯಾಂಕರ್ ತಿರುಗಿಸಿದ್ದಾಳೆ. ತಿರುವಿನಲ್ಲೇ ಹಾಡು ನಿಲ್ಲಿಸುತ್ತಿದ್ದಳು. ಹಾಲಿನ ಕೋಣೆಯಲ್ಲಿ ಕೊಳವೆ ಸಿಕ್ಕಿಸಿ, ಹಾಲು ಏರುವ ಹನ್ನೆರಡು ನಿಮಿಷ ಅಡಿಗೆಮನೆಯ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಕೆಲವೊಮ್ಮೆ ಹಿಲ್ಯಾ ಹೊರಬರುತ್ತಿದ್ದಳು.

"ನಮಸ್ಕಾರ, ಕೈಸು."

"ನಮಸ್ಕಾರ, ಅಮ್ಮ."

"ರಸ್ತೆ ಜಾರುತ್ತಂತೆ."

"ಸೇತುವೆ ಹತ್ರ ಮಾತ್ರ."

"ಹುಷಾರು."

ಬಟ್ಟೆಯಲ್ಲಿ ಸುತ್ತಿದ ಬನ್ನೋ, ಹೆಣೆದ ಕೈಗವಸೋ ಕೈ ಬದಲಾಗುತ್ತಿತ್ತು. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಆ ನಮಸ್ಕಾರದ ಮುಂದಿನಿಂದ ಒಂದು ಪದ ಬಿದ್ದುಹೋಗಿತ್ತು, ಅದು ಇಬ್ಬರಿಗೂ ಕೇಳಿಸುತ್ತಿತ್ತು. "ಮಾತಾಡದೇ ಇದ್ರೂ ಸಹಿಸ್ಕೋಬಹುದಿತ್ತು," ಎಂದು ಒಮ್ಮೆ ಕೈಸು ನನಗೆ ಹೇಳಿದಳು, ಸಮಾಧಿ ಬೇಲಿಯ ಬಳಿ ಟ್ಯಾಂಕರ್ ನಿಲ್ಲಿಸಿ. "ಅಮ್ಮ ನನ್ನ ಜೊತೆ ಮರ್ಯಾದೆಯಿಂದ ಮಾತಾಡ್ತಾಳೆ ಕಣೋ. ಅಂಚೆಯವನ ಹತ್ರ ಮಾತಾಡೋ ಹಾಗೆ."

"ಹೋಗಿ ತಪ್ಪಾಯ್ತು ಅಂದ್ಬಿಡು. ಆ ಕ್ಯಾಸೆಟ್ಟುಗಳನ್ನ ಹೊಳೆಗೆ ಎಸೆ."

"ಎಸೀಬಹುದು. ಆದರೆ ದೇವರ ಹತ್ರ ಏನೂ ಮುಚ್ಚಿಡದೆ ಮಾತಾಡೋದು ನಾನು ಆ ಗಾಡಿಯೊಳಗೆ ಮಾತ್ರ. ಅದನ್ನೂ ಎಸೀಲಾ?"

ಅವಳೇ ನಕ್ಕು, "ನಿಂಗೇನಪ್ಪ, ಒಂದೇ ಗಂಟೆ, ಒಂದೇ ಸ್ವರ, ಸಂಬಳ ಬೇರೆ!" ಎಂದು ಗಾಡಿ ಹತ್ತಿದಳು.

ಏಲಿಸ್ ತೀರಿಕೊಂಡ ವರ್ಷ ಅವಳು ಶವಸಂಸ್ಕಾರದಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಪ್ಪನಿಗೆ ಪ್ರಿಯವಾದ ಸಂಜೆಯ ಹಾಡನ್ನು ಎಲ್ಲರೂ ಹಾಡಿದರು. ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಮೇಲಿನ ದನಿ ಇಲ್ಲದೆ ಕೆಳಗಿನದನ್ನು ಹಾಡುವುದು ಹೇಗೆಂದು ಆಮೇಲೆ ಕೇಳಿದಳು.

ಇದಾಗಿ ಐದು ವರ್ಷಕ್ಕೆ ನಮ್ಮ ಹೊಸ ಪಾದ್ರಿ ಸಾಂಪ್ಸಾ ಒಂದು ಬೆಳಿಗ್ಗೆ ನನ್ನನ್ನು ಕರೆದು ಕೇಳಿದ: "ಆಹ್ತಿ, ಈ ಚರ್ಚಿನ ಕಿಟಕಿ ಎಷ್ಟು ಸದ್ದು ತಡ್ಕೊಳ್ಳುತ್ತೆ?"

ದಕ್ಷಿಣದ ಊರುಗಳಲ್ಲಿ ಆಗಲೇ ಶುರುವಾಗಿದ್ದ ಮೆಟಲ್ ಆರಾಧನೆಯನ್ನು ಇಲ್ಲೂ ಮಾಡಬೇಕೆಂಬುದು ಅವನ ಆಸೆ. ಅದೇ ಹಾಡುಗಳು, ಅದೇ ಪ್ರಾರ್ಥನೆ, ಅದೇ ರೊಟ್ಟಿ ಮತ್ತು ದ್ರಾಕ್ಷಾರಸ. ಆರ್ಗನ್ನಿನ ಬದಲು ಗಿಟಾರು, ಡ್ರಮ್ಮು. ನಮ್ಮ ಆರ್ಗನ್ ವಾದಕ ವಿಲ್ಪು ಕೇಳಿ ಕೆಂಡವಾದ. "ಇನ್ನೂರಿಪ್ಪತ್ತು ವರ್ಷದ ಚರ್ಚು ಇದು. ತಗಡು ಬಡಿಯೋಕೆ ಗ್ಯಾರೇಜ್ ಇಲ್ವಾ?" ಎಂದ. ಆದರೂ ಸಭೆ ಒಪ್ಪಿತು. ಪೇಟೆಯಿಂದ ತಂಡ ಬರುವುದೆಂದಾಯಿತು. ಎರಡು ವಾರ ಇರುವಾಗ ತಂಡದ ಡ್ರಮ್ಮಿನವನು ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಸಾಂಪ್ಸಾ ತಲೆಮೇಲೆ ಕೈಹೊತ್ತು ಕೂತ. ನಾನು ಬಾಯ್ಬಿಟ್ಟೆ: "ಹಾಲಿನ ಗಾಡಿಯವಳನ್ನ ಕೇಳಿ ನೋಡು."

ಕೈಸು ಮೊದಲು ಆಗುವುದಿಲ್ಲವೆಂದಳು. "ಹದಿನೆಂಟು ವರ್ಷ ಆಯ್ತು ಕಡ್ಡಿ ಹಿಡಿದು. ಮತ್ತೆ, ಆ ಚರ್ಚಿನ ಅಂಗಳದಲ್ಲಿ ಅಪ್ಪ ಮಲಗಿದಾನೆ." ಎರಡು ದಿನ ಬಿಟ್ಟು ಒಂಬತ್ತನೆಯ ಕೊಟ್ಟಿಗೆಗೆ ಹೋದಾಗ ಅಮ್ಮನನ್ನೇ ಕೇಳಿದಳು.

"ಚರ್ಚಲ್ಲಿ ಡ್ರಮ್ಮು ಬಾರಿಸೋಕೆ ಕರೆದಿದಾರೆ ಅಮ್ಮ."

ಹಿಲ್ಯಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು. "ಯಾವ ಹಾಡು?"

"ಅಪ್ಪಂದು. ಸಂಜೆಯ ಹಾಡು."

"ಅದು ನಿಧಾನದ ಹಾಡು."

"ನಿಧಾನವಾಗೇ ಬಾರಿಸ್ತೀನಿ."

"ನಾನು ಬರೋಕಾಗಲ್ಲ ಕೈಸು. ನಿಂಗೇ ಗೊತ್ತು."

"ಗೊತ್ತು."

"ಬಾರಿಸ್ಬೇಡ ಅಂತ ನಾನು ಹೇಳಿಲ್ಲ," ಎಂದು ಹಿಲ್ಯಾ ಒಳಗೆ ಹೋದಳಂತೆ. ಕೈಸು ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಸಾಂಪ್ಸಾನಿಗೆ ಒಪ್ಪಿಗೆ ಹೇಳಿದಳು.

ಅದು ಸೆಪ್ಟೆಂಬರ್. ಆರಾಧನೆಯ ಹಿಂದಿನ ದಿನ ಶನಿವಾರ ಹತ್ತು ಗಂಟೆಗೆ, ತಂಡದವರು ಮೊದಲೇ ಕಳಿಸಿದ್ದ ಡ್ರಮ್ಮುಗಳ ಮೇಲೆ ಅಭ್ಯಾಸ ಮಾಡಲು ಅವಳು ಒಬ್ಬಳೇ ಬಂದಳು. ನಾನು ಬಾಗಿಲು ತೆರೆದುಕೊಟ್ಟು ಹೊರಗೆ ಎಲೆ ಗುಡಿಸುತ್ತಿದ್ದೆ. ಒಳಗಿನಿಂದ ಸಂಜೆಯ ಹಾಡು ಶುರುವಾಯಿತು; ಬಾಯಲ್ಲಿ ಅವಳ ಕೆಳಗಿನ ದನಿ, ಕೈಯಲ್ಲಿ ಡ್ರಮ್ಮು. ಚರ್ಚಿನ ಮರದ ಗೋಡೆ ಎದೆಗೂಡಿನ ಹಾಗೆ ಮಿಡಿಯುತ್ತಿತ್ತು. ಗುಡಿಸುತ್ತ ಉತ್ತರದ ಗೋಡೆಯ ಕಡೆ ತಿರುಗಿದರೆ ಅಲ್ಲಿ ಹಿಲ್ಯಾ ನಿಂತಿದ್ದಳು. ಕೈಯಲ್ಲಿ ನೀರಿನ ಕ್ಯಾನು. ಏಲಿಸ್‌ನ ಸಮಾಧಿ ಇರುವುದು ದಕ್ಷಿಣಕ್ಕೆ.

"ಒಳಗೆ ಬಾ ಹಿಲ್ಯಾ. ಅವಳೊಬ್ಬಳೇ ಇದಾಳೆ."

"ಇಲ್ಲ. ಗಿಡಕ್ಕೆ ನೀರು ಹಾಕೋಕೆ ಬಂದೆ."

ಕ್ಯಾನು ಖಾಲಿಯಾಗಿತ್ತು. ಅವಳು ಅಂಗೈಯನ್ನು ಗೋಡೆಯ ದಿಮ್ಮಿಯ ಮೇಲಿಟ್ಟಳು, ಹಸುವಿನ ಹೊಟ್ಟೆ ಮುಟ್ಟಿ ಕರು ಅಲುಗುತ್ತದೆಯೇ ಎಂದು ನೋಡುವ ಹಾಗೆ. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ಕೈಸು ಹಾಡನ್ನು ನಾಲ್ಕು ಸಲ ಬಾರಿಸಿದಳು. ಮೂರನೆಯ ಸಲ ಹಿಲ್ಯಾಳ ತುಟಿ ಅಲುಗಿತು. ದನಿ ತೀರ ಸಣ್ಣದು, ಆದರೂ ನಾನು ಅಷ್ಟು ಹತ್ತಿರವಿದ್ದುದರಿಂದ ಕೇಳಿಸಿತು. ಗೋಡೆಯೊಳಗೆ ಕೆಳಗಿನ ದನಿ, ಗೋಡೆಯಾಚೆ ಮೇಲಿನ ದನಿ. ಎರಡನ್ನೂ ಒಟ್ಟಿಗೆ ಕೇಳಿದವನು ಭೂಮಿಯ ಮೇಲೆ ನಾನೊಬ್ಬನೇ.

"ಮೂರನೇ ಚರಣದಲ್ಲಿ ಓಡ್ತಾಳೆ," ಎಂದಳು ಹಿಲ್ಯಾ ಕೊನೆಗೆ. "ಏಲಿಸ್ ಕೂಡ ಅಲ್ಲೇ ಓಡ್ತಿದ್ದ." ಆಮೇಲೆ ನನ್ನ ತೋಳು ಹಿಡಿದಳು. "ಹೇಳ್ಬೇಡ ಆಹ್ತಿ. ನಾನು ಬಂದಿದ್ದೆ ಅಂತ ಹೇಳ್ಬೇಡ."

"ಯಾಕೆ ಹಿಲ್ಯಾ? ಅವಳಿಗೆ ಎಷ್ಟು—"

"ಹೇಳಿದ್ರೆ ನಾಳೆಯಿಂದ ಅವಳು ಕಾಯ್ತಾಳೆ. ನಾನು ಇದಕ್ಕಿಂತ ಮುಂದೆ ಬರಲಾರೆ. ಮಾತು ಕೊಡು."

ಕೊಟ್ಟೆ.

ಮರುದಿನ ಚರ್ಚು ಕಿಕ್ಕಿರಿದಿತ್ತು. ಚರ್ಮದ ಜಾಕೆಟ್ಟಿನವರು, ಉದ್ದಕೂದಲಿನವರು, ಕಿವಿಗೆ ಹತ್ತಿ ಇಟ್ಟುಕೊಂಡ ಅಜ್ಜಿಯರು. ವಿಲ್ಪು ಬರುವುದಿಲ್ಲವೆಂದವನು ಕಂಬದ ಹಿಂದೆ ನಿಂತಿದ್ದ. ಸಂಜೆಯ ಹಾಡು ಬಂದಾಗ ಗಿಟಾರುಗಳ ಮೇಲೆ ಇಡೀ ಚರ್ಚು ಹಾಡಿತು. ಇಪ್ಪತ್ತು ವರ್ಷದಿಂದ ಬಾಗಿಲು ದಾಟದ, ಟ್ರ್ಯಾಕ್ಟರಿನ ಇಲ್ಪೊ ಕೂಡ ಹಾಡಿದ. ದೀಪದ ಗಾಜುಗಳು ಕಿಣಿಕಿಣಿ ಎಂದವು, ಕಿಟಕಿ ಒಡೆಯಲಿಲ್ಲ. ಹೆವಿ ಮೆಟಲ್‌ಗೂ ದೇವರಿಗೂ ಸಂಬಂಧವುಂಟೇ ಎಂದು ಆ ವಾರ ಪತ್ರಿಕೆಯಲ್ಲಿ ಪರವಿರೋಧದ ಪತ್ರಗಳು ಬಂದವು. ನಾನು ಎರಡು ಬಗೆಯವನ್ನೂ ಓದಿದೆ. ಎರಡರಲ್ಲೂ ಸತ್ಯವಿತ್ತು, ಶನಿವಾರದ ಉತ್ತರ ಗೋಡೆ ಮಾತ್ರ ಯಾವುದರಲ್ಲೂ ಇರಲಿಲ್ಲ.

ಆರಾಧನೆ ಮುಗಿದು ತಂತಿಗಳನ್ನು ಸುತ್ತುವಾಗ ಕೈಸು ಖಾಲಿ ಬೆಂಚುಗಳನ್ನು ನೋಡುತ್ತ ಕೇಳಿದಳು: "ನಮ್ಮನೆ ಕಡೆಯವರು ಯಾರಾದ್ರೂ ಬಂದಿದ್ರಾ?"

"ಕಾಣ್ಲಿಲ್ಲ," ಎಂದೆ. ಆ ದಿನದ ಮಟ್ಟಿಗೆ ಅದು ಸುಳ್ಳಲ್ಲ.

ಆಮೇಲೆ ಪ್ರತಿ ಸೆಪ್ಟೆಂಬರಿನಲ್ಲೂ ಆರಾಧನೆ ನಡೆಯಿತು, ಕೈಸುವೇ ಬಾರಿಸಿದಳು. ಅದಕ್ಕೆಂದು ಚರ್ಚು ಕೊಂಡ ಡ್ರಮ್ಮುಗಳು ಉಳಿದ ತಿಂಗಳು ಗಂಟೆಗೋಪುರದಲ್ಲಿರುತ್ತಿದ್ದವು. ಹಿಲ್ಯಾ ಮತ್ತೆ ಬರಲಿಲ್ಲ, ಕಾಲು ಸೋತಿತ್ತು. ಹಾಲಿನ ಕೋಣೆಯ ಬಾಗಿಲಲ್ಲಿ ಅದೇ ನಮಸ್ಕಾರ, ಅದೇ ಹುಷಾರು. ಎರಡೂವರೆ ವರ್ಷ ಕಳೆದು ಫೆಬ್ರವರಿಯಲ್ಲಿ ಹಿಲ್ಯಾ ತೀರಿಕೊಂಡಳು. ಹೆಪ್ಪುಗಟ್ಟಿದ ನೆಲ ಅಗೆದವನೂ ನಾನೇ. ಎಲ್ಲರೂ ಕಾಫಿಗೆ ಪ್ರಾರ್ಥನಾ ಮನೆಗೆ ಹೊರಟ ಮೇಲೆ ಕೈಸು ಗುಂಡಿಯ ಬಳಿ ಉಳಿದಳು. ಸತ್ತವಳಿಗೆ ಕೊಟ್ಟ ಮಾತು ಇನ್ನು ಯಾರಿಗಾಗಿ ಎನಿಸಿತು. ಹೇಳಿಬಿಟ್ಟೆ.

ಅವಳು ಅಳಲಿಲ್ಲ. ಗುಂಡಿಯಿಂದ ನನ್ನ ಕಡೆ ತಿರುಗಿದಳು.

"ಯಾವಾಗ?"

"ಮೊದಲ ವರ್ಷ. ಶನಿವಾರ."

"ಎರಡೂವರೆ ವರ್ಷ ಆಹ್ತಿ! ದಿನ ಬಿಟ್ಟು ದಿನ ಅವಳ ಎದುರಿಗೆ ನಿಂತಿದ್ದೆ ನಾನು. ರಸ್ತೆ ಜಾರುತ್ತೆ, ಜಾರಲ್ಲ ಅಂತ ಮಾತಾಡ್ಕೊಂಡು. ಗೊತ್ತಿದ್ರೆ—" ಗೊತ್ತಿದ್ದರೆ ಏನೆಂಬುದು ಅವಳಿಗೂ ಹೊಳೆಯಲಿಲ್ಲ. "ನೀನ್ಯಾರೋ ಅದನ್ನ ಇಟ್ಕೊಳ್ಳೋಕೆ?"

"ಮಾತು ಕೊಟ್ಟಿದ್ದೆ ಕೈಸು."

"ಹಾಳಾಗ್ಹೋಗ್ಲಿ ನಿನ್ನ ಮಾತು!"

ಆ ಚಳಿಗಾಲವೆಲ್ಲ ಅವಳು ನನ್ನೊಡನೆ ಮಾತಾಡಲಿಲ್ಲ. ಟ್ಯಾಂಕರ್ ಚರ್ಚಿನ ಮುಂದೆ ಹಾದುಹೋಗುವಾಗ ನಾನು ಕೈ ಎತ್ತುತ್ತಿದ್ದೆ, ಗಾಡಿ ನಿಲ್ಲುತ್ತಿರಲಿಲ್ಲ. ನನ್ನದು ತಪ್ಪೇ ಸರಿಯೇ ಎಂದು ಎಷ್ಟು ಸಲ ತೂಗಿ ನೋಡಿದ್ದೇನೋ. ಹಿಲ್ಯಾ ಹೇಳಿದ್ದು ನಿಜ. ಗೊತ್ತಾಗಿದ್ದರೆ ಕೈಸು ಕಾಯುತ್ತಿದ್ದಳು. ಗೊತ್ತಿಲ್ಲದೆಯೂ ಕಾಯುತ್ತಲೇ ಇದ್ದಳಲ್ಲ.

ಮೇ ತಿಂಗಳ ಕೊನೆಗೆ ಹಿಮವೆಲ್ಲ ಕರಗಿ ಭೂರ್ಜದ ಎಲೆ ಒಡೆದಿದ್ದಾಗ, ಒಂದು ಮಧ್ಯಾಹ್ನ ಟ್ಯಾಂಕರ್ ನಿಂತಿತು. ಕೈಸು ಇಳಿದು ಬಂದಳು.

"ಎಲ್ಲಿ ನಿಂತಿದ್ಲು, ತೋರ್ಸು."

ಉತ್ತರದ ಗೋಡೆಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ಅವಳು ಒಂದೊಂದೇ ದಿಮ್ಮಿ ಮುಟ್ಟಿದಳು. "ಕೈ ಎಲ್ಲಿಟ್ಟಿದ್ಲು?" ತೋರಿಸಿದೆ. ಅಂಗೈ ಅಲ್ಲಿಟ್ಟು, ಕೆನ್ನೆಯನ್ನೂ ಒತ್ತಿದಳು.

"ಒಳಗೆ ಹೋಗು. ಡ್ರಮ್ಮು ಗಂಟೆಗೋಪುರದಲ್ಲಿದೆ ಅಲ್ವಾ, ಅದನ್ನ ತಂದು ಬಾರಿಸು. ಇಲ್ಲಿ ಏನು ಕೇಳಿಸುತ್ತೆ ಅಂತ ಗೊತ್ತಾಗ್ಬೇಕು ನಂಗೆ."

"ನಂಗೆ ಬರಲ್ವಲ್ಲೇ."

"ಬರೋದೇನು ಬಂತು. ಬಾರಿಸು."

ದೊಡ್ಡ ಡ್ರಮ್ಮು ಒಂದನ್ನೇ ಹೊತ್ತು ತಂದು ಬಲಿಪೀಠದ ಎದುರು ಇಟ್ಟೆ. ಬಾಯಲ್ಲಿ ಸಂಜೆಯ ಹಾಡು ಗುನುಗುತ್ತ, ಕೈಗೆ ಬಂದ ಹಾಗೆ ಹೊಡೆಯತೊಡಗಿದೆ. ಮೊದಲ ಚರಣ ಮುಗಿಯುವ ಮೊದಲೇ ಗೋಡೆಯಾಚೆಯಿಂದ ಕೂಗು ಬಂತು.

"ನಿಧಾನ, ಆಹ್ತಿ! ಬೆಂಕಿ ಬಿದ್ದಿಲ್ಲ!"

ನಿಧಾನಿಸಿದೆ. ಎರಡನೆಯ ಚರಣ, ಮೂರನೆಯದು. ಕೂಗು ನಿಂತಿತು. ಆಚೆ ಅವಳು ಏನು ಮಾಡುತ್ತಿದ್ದಳೋ ನನಗೆ ಕಾಣಿಸುತ್ತಿರಲಿಲ್ಲ. ಹಾಡು ಮುಗಿದು ಕಡ್ಡಿ ಕೆಳಗಿಟ್ಟಾಗ ಹೊರಗೆ ಹಕ್ಕಿಗಳ ಸದ್ದು ಮಾತ್ರ. ಹೋಗಿ ನೋಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದಾಗ ಗೋಡೆಯನ್ನು ಯಾರೋ ಮೆಲ್ಲಗೆ ಎರಡು ಸಲ ತಟ್ಟಿದರು. ಕಡ್ಡಿ ಎತ್ತಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ.